ಮುತ್ಯಾನ ಚಿತ್ರ ತೋರಿಸುತ್ತಿದ್ದ ಅಕ್ಕೋರು

ಅಕ್ಕೋರು ತೀರಿಕೊಂಡ ಮೇಲೆ ಕಲಬುರ್ಗಿಯಲ್ಲಿ ನಿವೃತ್ತ ಶಿಕ್ಷಕರೆಲ್ಲ ಸೇರಿ ಒಂದು ಸಂತಾಪ ಸಭೆ ಮಾಡಿದರು. ಕಮಲಾಪುರದ ಶಾಲೆಯಲ್ಲಿ ಅವರ ಜೊತೆ ಬಹಳ ವರ್ಷ ಇದ್ದವನು ಅಂತ ನನ್ನನ್ನೂ ಮಾತಾಡಲು ಎಬ್ಬಿಸಿದರು. ನನಗಿಂತ ಮೊದಲು ಮಾತಾಡಿದವರೆಲ್ಲ ಅವರು ಒಳ್ಳೆಯವರು, ಶಿಸ್ತಿನವರು, ಮಕ್ಕಳನ್ನು ಹೊಟ್ಟೆಯಲ್ಲಿ ಹುಟ್ಟಿದವರಂತೆ ನೋಡಿಕೊಂಡವರು ಎಂದು ಹೇಳಿ ಕೂತಿದ್ದರು. ನಾನು ಎದ್ದು ನಿಂತೆ. ನನಗೆ ಸ್ವಂತ ಅಕ್ಕನ ಹಾಗಿದ್ದರು ಎಂದಷ್ಟೇ ಅಂದು ಕೂತುಬಿಟ್ಟೆ. ಹೇಳಲು ಇರಲಿಲ್ಲವೆಂದಲ್ಲ, ಹಾರ ಹಾಕಿದ ಫೋಟೋದ ಮುಂದೆ ನಿಂತು ಹೇಳುವಂಥದ್ದಾಗಿರಲಿಲ್ಲ.

ಹೆಸರು ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ಸಾಲಿ ಕಲಿಸುವ ಹೆಣ್ಣುಮಗಳು ನಮಗೆಲ್ಲ ಅಕ್ಕೋರು. ಶಾಲೆಯಲ್ಲಿ ಆಮೇಲೆ ಬೇರೆ ಶಿಕ್ಷಕಿಯರೂ ಬಂದರು, ಅವರನ್ನು ಮೇಡಂ ಅಂದೆವು. ಅಕ್ಕೋರು ಅಂದರೆ ಇವರೊಬ್ಬರೇ.

ನಾನು ಕಮಲಾಪುರದವನೇ. ಎಂಬತ್ತರ ದಶಕದ ಕೊನೆಗೆ ನಮ್ಮೂರಿನ ಸರಕಾರಿ ಶಾಲೆಗೇ ಮಾಸ್ತರನಾಗಿ ಸೇರಿದಾಗ ಅವರು ಅಲ್ಲಿ ಆಗಲೇ ಹಳಬರು. ಮನೆ ಕಲಬುರ್ಗಿಯಲ್ಲಿ, ಕೋಟೆಯ ಕಂದಕದ ಈಚೆ ದಂಡೆಯ ಓಣಿಯಲ್ಲಿ. ಮುಂಜಾನೆ ಹುಮನಾಬಾದ ಬಸ್ಸಿಗೆ ಬಂದು ಸಂಜೆ ಸಿಕ್ಕ ಬಸ್ಸಿಗೆ ಹೋಗುವರು. ಗಿಡ್ಡ ಆಳು, ದಪ್ಪ ಕನ್ನಡಕ, ವರ್ಷದ ಹನ್ನೆರಡು ತಿಂಗಳೂ ಕಂಕುಳಲ್ಲಿ ಕರೇ ಛತ್ರಿ. ಬಸ್ಸಿನಿಂದ ಇಳಿಯುವಾಗ ಮೊದಲು ಛತ್ರಿ ಇಳಿಯುತ್ತಿತ್ತು, ಆಮೇಲೆ ಅವರು. ಸುತ್ತಮುತ್ತ ಮುಸಲ್ಮಾನರ ಮನೆಗಳ ನಡುವೆ ಬೆಳೆದಿದ್ದರಿಂದ ಮಾತಿನಲ್ಲಿ ಉರ್ದು ಧಾರಾಳ. ಸಿಟ್ಟು ಬಂದರೆ ಪೂರ್ತಿ ಉರ್ದು. ಹುಡುಗರಿಗೆ ಬೈಗುಳ ತಿಳಿಯದೆ ನಗುತ್ತಿದ್ದರು, ಅವರು ನಕ್ಕದ್ದು ನೋಡಿ ಅಕ್ಕೋರೂ ನಗುವರು. ಮಕ್ಕಳಿರಲಿಲ್ಲ. ಗಂಡ ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಗುಮಾಸ್ತ. ಮಾತು ಕಡಿಮೆ. ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೆಲ್ಲ ತೊಗರಿಯ ಹಳದಿ ಧೂಳು ಕೂತಿರುತ್ತಿತ್ತು.

ನಾಲ್ಕನೇ ಈಯತ್ತೆಗೆ ನಿಬಂಧ ಬರೆಸುವುದು ಆಗ ಒಂದು ಶಾಸ್ತ್ರ. ಗೈಡಿನಲ್ಲಿದ್ದದ್ದನ್ನು ಬೋರ್ಡಿನ ಮೇಲೆ ಬರೆಯುವುದು, ಹುಡುಗರು ಅದನ್ನು ಇಳಿಸಿಕೊಳ್ಳುವುದು. ನನ್ನ ಅಜ್ಜಿ ಬಹಳ ಒಳ್ಳೆಯವರು. ಅವರಿಗೆ ಬಿಳಿ ಕೂದಲು ಇವೆ. ಅವರು ನನಗೆ ಕಥೆ ಹೇಳುತ್ತಾರೆ. ಎಲ್ಲ ಹುಡುಗರದೂ ಇಷ್ಟೇ. ಒಂದು ದಿನ ಅಕ್ಕೋರು ತಿದ್ದುತ್ತಾ ಕೂತವರು ಕನ್ನಡಕ ತೆಗೆದು ಇಡೀ ವರ್ಗವನ್ನು ನೋಡಿದರು.

"ನಿಮ್ಮ ಎಲ್ಲಾರಿಗಿ ಒಬ್ಬಾಕೀನೇ ಅಜ್ಜಿ ಏನ್ರೋ?" ಅಂದರು.

ಹುಡುಗರು ತಮ್ಮ ತಮ್ಮ ವಹಿ ನೋಡಿಕೊಂಡರು.

"ಮನಿಯಾಗ ಅಜ್ಜಿ ಅಂತೀರೇನು?"

"ಇಲ್ರಿ. ಆಯಿ ಅಂತೀವ್ರಿ."

"ಅಜ್ಜಗ?"

"ಮುತ್ಯಾ ಅಂತೀವ್ರಿ."

"ಮತ್ತ ಹಂಗೇ ಬರೀರಿ. ಅಜ್ಜಿ ಗೈಡಿನಾಗ ಇರ್ತಾಳ. ನಿಮ್ಮ ಮನಿಯಾಗ ಇರಾಕಿ ಆಯಿ."

ಅದಾದ ಮೇಲೆ ಅವರು ಚಿತ್ರದ ಪುಸ್ತಕ ಹುಡುಕಲು ಹತ್ತಿದರು. ನಮ್ಮ ಶಾಲೆಗೆ ಮೇಲಿನಿಂದ ಬಂದ ಪುಸ್ತಕಗಳಿದ್ದವು. ಆದರೆ ಹರಿದರೆ ಜವಾಬು ಕೊಡಬೇಕೆಂದು ಹೆಡ್‌ಮಾಸ್ತರರು ಅಲಮಾರಿಗೆ ಕೀಲಿ ಹಾಕಿಟ್ಟಿದ್ದರು. ಅಕ್ಕೋರು ಕಲಬುರ್ಗಿ ಬಜಾರಿನಲ್ಲಿ ಹಳೇ ಪುಸ್ತಕ ಮಾರುವವನ ಗುಡ್ಡೆಯಲ್ಲಿ ಕೂತು ಹುಡುಕಿ ಮೂರು ಪುಸ್ತಕ ತಂದರು. ಒಂದು ಕನ್ನಡದ್ದು, ಒಂದು ಹಿಂದಿ, ಒಂದು ಮರಾಠಿ. ಮೂರೂ ಅಜ್ಜ ಅಜ್ಜಿಯರ ಮೇಲಿನವು. ಒಂದರಲ್ಲಿ ಮುದುಕಿ ಕೌದಿ ಹೊಲಿಯುತ್ತಿದ್ದಳು, ಮೊಮ್ಮಗಳು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಇನ್ನೊಂದರಲ್ಲಿ ಮುದುಕ ಮೊಮ್ಮಗನ ಕೈ ಹಿಡಿದು ರೈಲು ನೋಡಲು ಹೋಗುತ್ತಿದ್ದ. ಮೂರನೆಯದರಲ್ಲಿ ಜಡ್ಡು ಬಿದ್ದ ಮುದುಕನಿಗೆ ಮೊಮ್ಮಗಳು ಗಂಜಿ ಕುಡಿಸುತ್ತಿದ್ದಳು. ಮೊದಲು ಅಕ್ಕೋರು ಹಿಂದಿ ಮರಾಠಿ ಅಕ್ಷರದ ಮೇಲೆ ಕನ್ನಡದ ಚೀಟಿ ಅಂಟಿಸಿದ್ದರು. ಸ್ವಲ್ಪ ದಿನದಲ್ಲೇ ಅವನ್ನೂ ಕಿತ್ತು ಬರೀ ಕಾಗದ ಅಂಟಿಸಿದರು. ಯಾಕೆಂದು ಕೇಳಿದೆ.

"ಅಕ್ಷರ ಇದ್ದರ ಹುಡುಗರು ಓದ್ತಾವ ತಮ್ಮಾ, ನೋಡೂದಿಲ್ಲ" ಅಂದರು.

ಪಾಠ ಮಾಡುವ ರೀತಿ ಹೀಗಿತ್ತು. ಒಂದು ಹಾಳೆ ತೆರೆದು ಎಲ್ಲರಿಗೂ ತೋರಿಸಿ ಪಟ್ಟನೆ ಮುಚ್ಚಿಬಿಡುವರು. ಏನ್ ಕಂಡ್ರಿ ಎಂದು ಕೇಳುವರು. ಆಯಿ ಕಂಡಳು ಅಂದರೆ ಅದು ಉತ್ತರವಲ್ಲ. ಆಕೆ ಏನು ಮಾಡುತ್ತಿದ್ದಳು, ಕೈ ಎಲ್ಲಿತ್ತು, ಮೊಮ್ಮಗಳು ಎಷ್ಟು ದೂರ ಕೂತಿದ್ದಳು, ಅದು ಬೇಕು. ಆಮೇಲೆ ಪುಸ್ತಕ ಬದಿಗಿಟ್ಟು, "ಈಗ ನಿಮ್ಮ ಆಯಿ, ನಿಮ್ಮ ಮುತ್ಯಾ. ಒಂದಿನ ಸಾಕು. ಒಂದಿನ ಅವರು ಏನ್ ಮಾಡಿದ್ರು, ನೀವು ಏನ್ ಮಾಡಿದ್ರಿ" ಅನ್ನುವರು. ಒಳ್ಳೆಯವರು, ಪ್ರೀತಿ, ಇಷ್ಟ, ಈ ಮಾತುಗಳನ್ನು ಬರೆದ ಹುಡುಗನ ಕಿವಿ ಹಿಡಿದು, "ಇದು ಯಾರಿಗರ ಕಾಣಸ್ತದೇನೋ? ಕಾಣೂದು ಬರಿ" ಎಂದು ತಿದ್ದಿಸುವರು. ಬರೆಯುವ ಮೊದಲು ಪ್ರತಿಯೊಬ್ಬರೂ ಅವರ ಮೇಜಿನ ಹತ್ತಿರ ಹೋಗಿ ಕಿವಿಯಲ್ಲಿ ಹೇಳಬೇಕು. ಅದಕ್ಕೇ ಅವರ ವರ್ಗದ ಮುಂದೆ ಯಾವಾಗಲೂ ಒಂದು ಸಣ್ಣ ಸರದಿ ನಿಂತಿರುತ್ತಿತ್ತು, ದವಾಖಾನಿಯ ಹಾಗೆ.

ಒಬ್ಬ ಹುಡುಗನಿಗೆ ಅಜ್ಜ ಅಜ್ಜಿ ಯಾರೂ ಇರಲಿಲ್ಲ. ಸರದಿಯಲ್ಲಿ ಬಂದು ಅತ್ತ. ಅಕ್ಕೋರು ಅವನನ್ನು ಬೆಂಚಿನ ಮೇಲೆ ಕೂರಿಸಿಕೊಂಡು, "ನಮ್ಮ ಆಯಿನ ತಗೋ ನೀ" ಅಂದರು. ಊಟದ ಬಿಡುವಿನಲ್ಲೆಲ್ಲ ತಮ್ಮ ಆಯಿಯ ಮಾತು ಹೇಳಿದರು. ಕೋಟೆಯ ಬಾಗಿಲ ಮುಂದೆ ಪುಟಾಣಿ ಕಡಲೆ ಹುರಿದು ಮಾರುತ್ತಿದ್ದದ್ದು, ಬಿಸಿ ಉಸುಕಿನಲ್ಲಿ ಕೈ ಸುಟ್ಟುಕೊಂಡರೆ ಬಾಯಲ್ಲಿ ಬೆರಳು ಇಟ್ಟುಕೊಂಡೇ ಗಿರಾಕಿಯ ಜೊತೆ ಜಗಳ ಆಡುತ್ತಿದ್ದದ್ದು. ಆ ಹುಡುಗ ಬರೆದದ್ದನ್ನು ನಾನು ಓದಿದೆ. ಅವನದೇ ಆಯಿ ಅನ್ನುವ ಹಾಗಿತ್ತು.

ತೊಂದರೆಯ ಸುಳಿವು ಮೊದಲೇ ಸಿಕ್ಕಿತ್ತು ಅನ್ನಬೇಕು. ಒಬ್ಬ ಹುಡುಗ, ನಮ್ಮ ಆಯಿ ಅವ್ವನ ಡಬ್ಬಿಯಿಂದ ಬೆಲ್ಲ ಕದ್ದು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾಳೆ ಎಂದು ಬರೆದ. ಮರುದಿನ ಅವನ ತಾಯಿ ಶಾಲೆಗೆ ಬಂದು, "ಛಲೋ ಮಾಡಿದ್ರಿ ಅಕ್ಕೋರ, ನಾ ಇಷ್ಟ ದಿನ ಇರುವಿ ತಿಂತಾವ ಅಂತ ತಿಳಕೊಂಡಿದ್ದೆ" ಎಂದು ನಕ್ಕಳು. ನಾವೂ ನಕ್ಕೆವು. ಹೆಡ್‌ಮಾಸ್ತರರು ನಗಲಿಲ್ಲ.

"ಅಕ್ಕೋರ, ಮನಿ ಮಾತು ಸಾಲಿಗಿ ತರಸ್ಬ್ಯಾಡ್ರಿ. ಬೆಲ್ಲ ಆಯ್ತು, ನಾಳಿಗಿ ಬ್ಯಾರೆ ಏನರ ಬರ್ತದ."

"ಬರ್ಲಿ ಬಿಡ್ರಿ ಸರ್. ಮನಿ ಬಿಟ್ಟು ಹುಡುಗರ ಹತ್ರ ಬರಿಯಾಕ ಬ್ಯಾರೆ ಏನದ?"

ಆ ವರ್ಷ ನಾಲ್ಕನೇ ಈಯತ್ತೆಯಲ್ಲಿ ಜಗದೇವಿ ಎಂಬ ಹುಡುಗಿ ಇದ್ದಳು. ಊರ ಹೊರಗೆ ಅವರದೊಂದು ಕೆಂಪು ಬಾಳೆಯ ತೋಟ. ತಂದೆ ತಾಯಿ, ಮದುವೆಯ ವಯಸ್ಸಿಗೆ ಬಂದ ಅಕ್ಕ, ಈಕೆ. ಮೂಗಿನ ತುಂಬ ಸಿಂಬಳ, ಬಾಯಲ್ಲಿ ಮಾತಿಲ್ಲ. ಜಡ್ಡು ಬಿದ್ದ ಮುದುಕನಿಗೆ ಮೊಮ್ಮಗಳು ಗಂಜಿ ಕುಡಿಸುವ ಹಾಳೆ ತೆರೆದಾಗ ಈ ಹುಡುಗಿ ಎದ್ದು ಬಂದು ಪುಸ್ತಕದ ಮೇಲೆ ಕೈ ಇಟ್ಟಳಂತೆ, ಮುಚ್ಚಲು ಬಿಡಲಿಲ್ಲವಂತೆ. ಅಕ್ಕೋರು ಊಟಕ್ಕೆ ಕೂತಾಗ ನನಗೆ ಹೇಳಿ ಖುಷಿಪಟ್ಟರು. ಆಕೆ ಕಿವಿಯಲ್ಲಿ ಏನು ಹೇಳಿದಳೆಂದು ಹೇಳಲಿಲ್ಲ. "ಪಾಲಕರ ಸಭಾದಾಗ ಕೇಳೀರಂತ" ಅಂದರು.

ಪಾಲಕರ ಸಭೆಯನ್ನು ಸಂತೆಯ ದಿನವೇ ಇಟ್ಟಿದ್ದರು, ಆ ದಿನ ಹಳ್ಳಿಯವರೂ ಬರುತ್ತಾರೆಂದು. ಉದ್ದನೆಯ ಕೋಣೆ ತುಂಬಿತ್ತು. ಗಂಡಸರು ಒಂದು ಕಡೆ, ಹೆಂಗಸರು ಸಂತೆಯ ಚೀಲ ಮುಂದಿಟ್ಟುಕೊಂಡು ಇನ್ನೊಂದು ಕಡೆ. ಕಿಟಕಿಯ ಹೊರಗೂ ಜನ. ನಾನು ಹಿಂದೆ, ಬಂದವರಿಗೆ ನೀರು ಕೊಡುವ ಕೆಲಸದಲ್ಲಿದ್ದೆ. ಮಕ್ಕಳು ಒಬ್ಬೊಬ್ಬರೇ ಮುಂದೆ ಬಂದು ಓದಿದರು. ಮುತ್ಯಾ ಎಮ್ಮೆಯ ಜೊತೆ ಜಗಳಾಡಿದ್ದು, ಆಯಿ ಸಿನೆಮಾ ನೋಡಿ ಅತ್ತದ್ದು. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಜಗದೇವಿ ಬಂದಳು. ಆಕೆಯ ತಂದೆ ತಾಯಿ ಸಭೆಗೆ ಬಂದಿರಲಿಲ್ಲ. ಆಕೆ ಓದಿದ್ದು ನನಗೆ ಈಗಲೂ ಹಾಗೆಹಾಗೇ ನೆನಪಿದೆ.

"ನಮ್ಮ ಮುತ್ಯಾ ಬಾಳಿ ತ್ವಾಟದಾಗ ಇರ್ತಾನ. ನಾನು ಸಂಜಿಕಿ ರೊಟ್ಟಿ ಒಯ್ತೇನಿ. ಮುತ್ಯಾಗ ಬೆರಳು ಇಲ್ಲ. ರೊಟ್ಟಿ ಮುರಿಯಾಕ ಬರೂದಿಲ್ಲ. ನಮ್ಮವ್ವ ದೂರ ಇಟ್ಟು ಬಾ ಅಂತಾಳ. ನಾನು ದೂರ ಇಡೂದಿಲ್ಲ. ಬಾಜೂಕ ಕುಂತು ಮುರದು ಮುರದು ಬಾಯಾಗ ಇಡ್ತೇನಿ. ಒಂದಿನ ಮುತ್ಯಾ ನನಗ ಬಾಳಿಹಣ್ಣು ಸುಲದು ಕೊಟ್ಟ. ಹಲ್ಲಿಲೆ ಸುಲದ. ನಾನು ತಿಂದೆ. ಮುತ್ಯಾ ಅತ್ತ. ಯಾಕ ಅಳ್ತಿ ಅಂತ ಕೇಳಿದೆ. ಹಣ್ಣು ಸೀ ಅದ ಏನು ಅಂತ ಕೇಳಿದ. ಸೀ ಅದ ಅಂದೆ."

ಮೊದಲ ಸಾಲಿಗೇ ನಾನು ನೀರಿನ ತಂಬಿಗೆ ಕೆಳಗಿಟ್ಟಿದ್ದೆ. ಊರಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಬೇರೆ. ಆ ಮುದುಕ ಕೆಲವು ವರ್ಷದ ಹಿಂದೆ ಶ್ರೀಶೈಲಕ್ಕೆ ನಡೆದು ಹೋದವನು ದಾರಿಯಲ್ಲೇ ತೀರಿಕೊಂಡ ಅಂತ ಮನೆಯವರು ಹೇಳಿದ್ದರು. ಊರಿಗೆ ಊಟವನ್ನೂ ಹಾಕಿದ್ದರು. ಆ ಊಟವನ್ನು ನಾನೂ ಉಂಡಿದ್ದೆ. ಕಲಬುರ್ಗಿಯಿಂದ ಬಂದು ಹೋಗುವ ಅಕ್ಕೋರಿಗೆ ಇದು ಎಲ್ಲಿಂದ ಗೊತ್ತಾಗಬೇಕು? ಮುದುಕನಿಗೆ ಏನು ರೋಗವೆಂದು ಅವರು ಊಹಿಸಿದ್ದರು. ಅವನನ್ನು ಸತ್ತವನೆಂದು ಮಾಡಿಟ್ಟಿದ್ದಾರೆಂದು ಊಹಿಸಿರಲಿಲ್ಲ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೆಂಗಸರ ಕಡೆಯಿಂದ ಒಬ್ಬಾಕೆ, "ಎಲ್ಲವ್ವಾ, ಮುದುಕ ಜೀವಂತ ಹಾನ?" ಅಂದಳು. ಇನ್ನೊಬ್ಬರು ಯಾರೋ, "ದೊಡ್ಡ ರೋಗ ಅದು" ಅಂದರು. ಜನ ಚೀಲ ಎತ್ತಿಕೊಂಡು ಏಳಲು ಹತ್ತಿದರು. ಮುಂದೆ ಕೂತಿದ್ದ ಹುಡುಗಿಯೊಬ್ಬಳನ್ನು ಆಕೆಯ ತಾಯಿ ಜಗದೇವಿಯ ಬಾಜೂಕಿನಿಂದ ತೋಳು ಹಿಡಿದು ಎಳೆದುಕೊಂಡಳು. ಜಗದೇವಿ ಹಾಳೆ ಹಿಡಿದುಕೊಂಡು ನಿಂತೇ ಇದ್ದಳು. ಓದುವುದು ತಪ್ಪಿತೇನೋ ಎಂಬಂತೆ ಅಕ್ಕೋರ ಮುಖ ನೋಡಿದಳು. ಅಕ್ಕೋರು ಆಕೆಯನ್ನು ಹತ್ತಿರ ಕರೆದು ಸೆರಗಿನೊಳಗೆ ಹಾಕಿಕೊಂಡರು. ಏನೋ ಆಗಿದೆ ಎಂದು ಅವರಿಗೆ ತಿಳಿದಿತ್ತು, ಏನೆಂದು ತಿಳಿದಿರಲಿಲ್ಲ. ನಾನೇ ಹೋಗಿ ಕಿವಿಯಲ್ಲಿ ಹೇಳಿದೆ. ಅವರ ಬಾಯಿಂದ ಕನ್ನಡವೂ ಬರಲಿಲ್ಲ, ಉರ್ದುವೂ ಬರಲಿಲ್ಲ.

ಸಂತೆಯ ದಿನವಾದದ್ದರಿಂದ ಮಾತು ಕಮಲಾಪುರದಲ್ಲಿ ಮಾತ್ರ ಉಳಿಯಲಿಲ್ಲ. ಜಗದೇವಿಯ ಅಕ್ಕನಿಗೆ ಗೊತ್ತು ಮಾಡಿದ್ದ ಗಂಡಿನ ಕಡೆಯವರು ಬಂದು ಈ ಸಂಬಂಧ ಬ್ಯಾಡ ಎಂದು ಹೇಳಿ ಹೋದರು. ಅವರ ತೋಟದ ಹಣ್ಣನ್ನು ಸಂತೆಯಲ್ಲಿ ಯಾರೂ ಮುಟ್ಟಲಿಲ್ಲ. ಆ ತ್ವಾಟದ್ದಾ ಎಂದು ಕೇಳಿ ಮುಂದಕ್ಕೆ ಹೋಗುವರು. ಕೆಂಪು ಬಾಳೆ ಬುಟ್ಟಿಯಲ್ಲೇ ಕರ್ರಗಾಗಿ ನೊಣ ಮುತ್ತಿದ್ದನ್ನು ನಾನೇ ನೋಡಿದೆ. ಬೇರೆ ತೋಟದವರು, ಇವರಿಂದ ನಮ್ಮ ಹಣ್ಣಿಗೂ ಹೆಸರು ಕೆಟ್ಟಿತು ಎಂದು ಬೈಯುತ್ತಿದ್ದರು.

ಜಗದೇವಿಯ ತಂದೆ ಶಾಲೆಗೆ ಬಂದ. ಜಗಳ ಆಗುತ್ತದೆಂದು ನಾವೆಲ್ಲ ಹೊರಗೆ ಬಂದು ನಿಂತೆವು. ಅವನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಅಕ್ಕೋರಿಗೆ ಕೈ ಮುಗಿದ.

"ನಿಮ್ಮ ಪಾಠ ಛಲೋ ಇರಬೇಕ್ರಿ ಅಕ್ಕೋರ. ನಾ ಓದಿದಾವ ಅಲ್ಲ. ನಮ್ಮ ಮನಿ ಒಂದು ಬಿಟ್ಟು ಕಲಸ್ರಿ."

"ತಪ್ಪಾಗ್ಯದ ಅಣ್ಣಾ. ನನಗ ಮಾಲೂಮ್ ಇದ್ದಿಲ್ಲ."

"ಹೌದ್ರಿ. ನಿಮಗ ಮಾಲೂಮ್ ಇದ್ದಿಲ್ಲ" ಅಂದ. ಮಗಳ ಪಾಟಿಚೀಲ ತೆಗೆದುಕೊಂಡ. ಜಗದೇವಿಯನ್ನು ಮುಂದೆ ಮಾಡಿಕೊಂಡು ಹೋದ. ಆಕೆ ಮತ್ತೆ ನಮ್ಮ ಶಾಲೆಗೆ ಬರಲಿಲ್ಲ.

ಮರುದಿನ ಅಕ್ಕೋರು ನನ್ನನ್ನು ಕರೆದುಕೊಂಡು ತೋಟಕ್ಕೆ ಹೋದರು. ಬಾಳೆಗಿಡಗಳ ನಡುವೆ ತಗಡಿನ ಒಂದು ಗುಡಿಸಲು. ಹೊರಗೆ ತೂತು ಬಿದ್ದ ಒಂದು ಕೊಡ, ಒಂದು ಅಲ್ಯೂಮಿನಿಯಮ್ ತಾಟು. ಮುದುಕ ನಮ್ಮನ್ನು ಕಂಡು ಹಚ್ಚಡದಲ್ಲಿ ಕೈ ಮುಚ್ಚಿಕೊಂಡು ಹಿಂದಕ್ಕೆ ಸರಿದ.

"ದೂರ ನಿಂದರ್ರಿ ತಾಯಿ."

ಅಕ್ಕೋರು ದೂರ ನಿಲ್ಲಲಿಲ್ಲ. ಛತ್ರಿ ಮಡಿಸಿ ಬಾಜೂಕೆ ನೆಲದ ಮೇಲೇ ಕೂತರು. ತಾವು ಯಾರು, ತಮ್ಮಿಂದ ಏನಾಯಿತು ಎಂದು ಹೇಳಿಕೊಂಡರು. ಮುದುಕನಿಗೆ ಎಲ್ಲ ಗೊತ್ತಿತ್ತು. ಮೊಮ್ಮಗಳನ್ನು ತೋಟಕ್ಕೆ ಬಿಡುವುದನ್ನು ನಿಲ್ಲಿಸಿದ್ದರು. ಮಗನೇ ಬಂದು ರೊಟ್ಟಿ ಇಟ್ಟು ಮಾತಾಡದೆ ಹೋಗುತ್ತಿದ್ದ. ಮುದುಕ ಕೇಳಿದ.

"ನಮ್ಮ ಕೂಸು ಮಂದಿ ಮುಂದ ಏನ್ ಓದಿದ್ಳು ತಾಯಿ?"

ಅಕ್ಕೋರು ಬಾಯಿಪಾಠ ಹೇಳಿದರು. ರೊಟ್ಟಿ ಮುರಿದದ್ದು, ಬಾಜೂಕೆ ಕೂತದ್ದು, ಹಣ್ಣು ಸುಲಿದದ್ದು. ಮುದುಕ ಕಣ್ಣು ಮುಚ್ಚಿಕೊಂಡು ಕೇಳಿದ.

"ಬಾಜೂಕ ಕುಂತು ಅಂದ್ಳಾ? ಅದನ್ನೂ ಹೇಳಿದ್ಳಾ ಮಂದಿ ಮುಂದ?"

"ಹೇಳಿದ್ಳು."

"ಇನ್ನೊಮ್ಮೆ ಹೇಳ್ರಿ."

ಅಕ್ಕೋರು ಇನ್ನೊಮ್ಮೆ ಹೇಳಿದರು. ಮುದುಕ ಅಳುತ್ತಿದ್ದನೋ ನಗುತ್ತಿದ್ದನೋ ನನಗೆ ಗೊತ್ತಾಗಲಿಲ್ಲ. ಆ ಮುಖದಲ್ಲಿ ಎರಡೂ ಒಂದೇ ತರ ಕಾಣುತ್ತಿದ್ದವು. "ಹೇಳಬಾರದಿತ್ತು ಕೂಸು" ಅಂದ. ಆಮೇಲೆ, "ಅಕಿಗಿ ಯಾರೂ ಬಡೀಬಾರದ್ರಿ. ನನಗ ಅಕಿ ಮ್ಯಾಲ ಸಿಟ್ಟಿಲ್ಲ ಅಂತ ಅಕಿಗಿ ಹೇಳ್ರಿ. ನಾ ಸತ್ತಾವ ಇದ್ದೆ, ಅಕಿ ನನ್ನ ಎಬ್ಬಿಸಿ ಕುಂಡ್ರಿಸಿದ್ಳು ಅಂತ ಹೇಳ್ರಿ" ಅಂದ.

ಹೇಳ್ತೇನಿ ಅಂತ ಅಕ್ಕೋರು ಮಾತು ಕೊಟ್ಟರು.

ಮುದುಕನನ್ನು ಕಲಬುರ್ಗಿಗೆ ಕರೆದೊಯ್ಯುವುದಕ್ಕೆ ಮಗ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಬಸ್ಸಿನಲ್ಲಿ ಹತ್ತಿಸಿಕೊಳ್ಳಲಿಲ್ಲ. ಅಕ್ಕೋರ ಗಂಡ ಮಿಲ್ಲಿಗೆ ತೊಗರಿ ತರುವ ಒಂದು ಟೆಂಪೋ ಕಳಿಸಿದರು. ಚೀಲಗಳ ನಡುವೆ ಮುದುಕನನ್ನು ಕೂರಿಸಿ, ಅಕ್ಕೋರು ತಾವೂ ಹಿಂದೆಯೇ ಹತ್ತಿ ಕೂತರು. ನಗರದ ಹೊರಗೆ ಕುಷ್ಠ ರೋಗದವರಿಗಾಗಿಯೇ ಇದ್ದ ಒಂದು ಆಶ್ರಮಕ್ಕೆ ಸೇರಿಸಿದೆವು. ಅಲ್ಲಿನ ಡಾಕ್ಟರು ನೋಡಿ, ಈಗ ಇದಕ್ಕೆ ಗುಳಿಗೆ ಬಂದಿವೆ, ಮೊದಲೇ ತಂದಿದ್ದರೆ ಬೆರಳು ಉಳಿಯುತ್ತಿದ್ದವು ಅಂದರು. ಇನ್ನೊಂದು ಮಾತೂ ಹೇಳಿದರು. ಗುಳಿಗೆ ಹತ್ತಿದರೆ ಇವನಿಂದ ಯಾರಿಗೂ ಏನೂ ಆಗುವುದಿಲ್ಲ, ಮನೆಯಲ್ಲೇ ಇಟ್ಟುಕೊಳ್ಳಬಹುದು.

ಅದನ್ನೂ ಮುದುಕನ ಮಾತನ್ನೂ ಹೇಳಲು ಅಕ್ಕೋರು ಕಮಲಾಪುರದ ಆ ಮನೆಗೆ ಹೋದರು. ಬಾಗಿಲು ಹಾಕಿದ್ದರು. ಮತ್ತೆ ಹೋದರು. ಶಾಲೆ ಬಿಟ್ಟ ಮೇಲೆ, ಬಸ್ಸು ತಪ್ಪಿದರೂ ಚಿಂತೆ ಇಲ್ಲ ಎಂದು, ವರ್ಷಾನುಗಟ್ಟಲೆ ಹೋದರು. ಕದದ ಈಚೆ ನಿಂತು, "ಜಗದೇವಿ, ನಾ ಬಂದೀನಿ" ಎಂದು ಕೂಗುವರು. ಒಳಗಿನಿಂದ ತಾಯಿ, "ಇಲ್ರಿ, ಯಾರೂ ಇಲ್ಲ, ಹೋಗ್ರಿ" ಅನ್ನುವಳು. ಮುದುಕನ ಮಾತನ್ನು ಕದದ ಮುಂದೆ ಕೂಗಿ ಹೇಳಿ ಹೋಗಬಹುದಿತ್ತು. ನಾನೂ ಒಮ್ಮೆ ಅಂದೆ. "ಓಣಿ ಮಂದಿ ಕೇಳಸ್ಕೋತಾರ ತಮ್ಮಾ. ಒಮ್ಮೆ ಮಂದಿ ಮುಂದ ಹೇಳಿಸಿ ಆಗಿದ್ದು ಸಾಲದೇನು?" ಅಂದರು. ಸಂತೆಯಲ್ಲಿ ಜಗದೇವಿ ಎದುರಾದರೆ ಆಕೆ ರಸ್ತೆ ದಾಟಿ ಆಚೆ ಹೋಗುವಳು. ಅಕ್ಕೋರು ಕರೆಯುತ್ತಿರಲಿಲ್ಲ.

ಮುದುಕ ಆಶ್ರಮದಲ್ಲಿ ಎರಡು ಬೇಸಿಗೆ ಬದುಕಿದ. ಅಕ್ಕೋರು ರವಿವಾರ ತಪ್ಪದೆ ಹೋಗಿ ಬಾಜೂಕೆ ಕೂತು ಉಣಿಸಿ ಬರುವರು. ಮಗ ಒಂದು ಸಲ ಬಂದಿದ್ದ. ಗೇಟಿನ ಹೊರಗೆ ನಿಂತು ನೋಡಿ, ಒಂದು ಗೊನೆ ಬಾಳೆ ಕಾವಲಿನವನ ಕೈಗೆ ಕೊಟ್ಟು ಹೋದನಂತೆ. ಅವನನ್ನು ಮಣ್ಣು ಮಾಡುವಾಗ ನಾನು, ಅಕ್ಕೋರು, ಅವರ ಗಂಡ, ಆಶ್ರಮದ ಕೆಲವರು ಇದ್ದೆವು. ಊರಿನವರ ಲೆಕ್ಕದಲ್ಲಿ ಅವನು ಎಂದೋ ಸತ್ತಿದ್ದ, ಯಾರೂ ಮತ್ತೆ ಸೂತಕ ಹಿಡಿಯಲಿಲ್ಲ.

ಅಕ್ಕೋರು ಆ ಪಾಠವನ್ನು ನಿಲ್ಲಿಸಿದ್ದು ಆ ಸಭೆ ಆದ ಕೂಡಲೇ. ಮೂರು ಪುಸ್ತಕಗಳನ್ನೂ ಹೆಡ್‌ಮಾಸ್ತರರ ಅಲಮಾರಿಯಲ್ಲಿ ತಾವೇ ಇಟ್ಟು ಕೀಲಿ ಹಾಕಿಸಿದರು. ನಾಲ್ಕನೇ ಈಯತ್ತೆಯ ಮುಂದೆ ನಿಲ್ಲುವ ಸರದಿ ಇಲ್ಲವಾಯಿತು. ಗೈಡು ತೆರೆದು ಬೋರ್ಡಿನ ಮೇಲೆ ದುಂಡಗೆ ಬರೆಯುವರು: ನನ್ನ ಅಜ್ಜ ಬಹಳ ಒಳ್ಳೆಯವರು. ಅವರಿಗೆ ಬಿಳಿ ಕೂದಲು ಇವೆ. ಹುಡುಗರು ಇಳಿಸಿಕೊಳ್ಳುವರು. ಒಂದು ವರ್ಷ ತಪಾಸಣೆಗೆ ಬಂದ ಸಾಹೇಬರು ಹುಡುಗರ ನಿಬಂಧ ನೋಡಿ, ಒಂದೂ ತಪ್ಪಿಲ್ಲ, ಎಲ್ಲರದೂ ಎಷ್ಟು ಒಪ್ಪ ಎಂದು ಮೆಚ್ಚಿ ಮಾತಾಡಿದರು. ಅಕ್ಕೋರು ಉಳಿದ ಮೇಡಂಗಳ ಹಿಂದೆ ನಿಂತು ನೆಲ ನೋಡುತ್ತಿದ್ದರು. ಅಷ್ಟು ಹೊತ್ತಿಗೆ ಅವರು ಬೈಯುವುದನ್ನೂ ಬಿಟ್ಟಿದ್ದರು. ಹುಡುಗನೊಬ್ಬ ಒಮ್ಮೆ, ಅಕ್ಕೋರ, ನಮ್ಮ ಮುತ್ಯಾ ನಿನ್ನೆ ಏನ್ ಮಾಡ್ದ ಗೊತ್ತೇನ್ರಿ ಎಂದು ಮೇಜಿನ ಹತ್ತಿರ ಬಂದ. "ಮನಿಯಾಗ ಅವ್ವಗ ಹೇಳಪ್ಪ" ಎಂದು ತಲೆ ಸವರಿ ಕಳಿಸಿದರು.

ನಿವೃತ್ತರಾದ ಮೇಲೆ ಕೋಟೆಯ ಹತ್ತಿರದ ಅವರ ಮನೆಗೆ ನಾನು ಆಗಾಗ ಹೋಗುತ್ತಿದ್ದೆ. ಸಕ್ಕರೆ ರೋಗದಿಂದ ಕಣ್ಣು ಮಂಜಾಗಿದ್ದವು. ಹೊಸ್ತಿಲ ಮೇಲೆ ಕೂತು ಓಣಿಯಲ್ಲಿ ಹೋಗುವವರನ್ನು ಹೆಜ್ಜೆಯ ಸದ್ದಿನ ಮೇಲೆ ಗುರುತು ಹಿಡಿದು ಮಾತಾಡಿಸುವರು. ನಾನು ಹೋದಾಗೆಲ್ಲ ಒಂದೇ ಪ್ರಶ್ನೆ.

"ಆ ಹುಡುಗಿ ಕಂಡ್ಳೇನು?"

ಲಗ್ನ ಆಯಿತಂತೆ, ಹುಮನಾಬಾದದ ಕಡೆ ಕೊಟ್ಟಾರಂತೆ, ಅಕ್ಕನ ಲಗ್ನವೂ ದೂರದಲ್ಲೆಲ್ಲೋ ಆಯಿತಂತೆ. ನನಗೆ ಗೊತ್ತಿದ್ದದ್ದು ಹೇಳುತ್ತಿದ್ದೆ. ಕೊನೆಯ ಸಲ ಹೋದಾಗ ಮಾತ್ರ ಅಕ್ಕೋರು ಅಷ್ಟಕ್ಕೆ ಸುಮ್ಮನಾಗಲಿಲ್ಲ.

"ಖರೇ ಹೇಳೂದು ಕಲಿಸಿದೆ ತಮ್ಮಾ. ಮಕ್ಕಳು ಖರೇ ಹೇಳಿದ್ರ ಆಮ್ಯಾಲ ಅವನ್ನ ಕಾಯೂದು ಯಾರು? ಅದರ ವಿಚಾರ ಮಾಡಲಿಲ್ಲ ನಾ. ಅಕಿ ಎಷ್ಟು ಛಂದ ಹೇಳ್ಯಾಳ ಅಂತ ಮಂದಿಗಿ ತೋರ್ಸೂದೇ ದೊಡ್ಡದಾಯ್ತು ನನಗ."

"ಬಿಡ್ರಿ ಅಕ್ಕೋರ. ಮುದುಕಗ ನೀವೇ ದಿಕ್ಕಾದ್ರಿ."

"ಮುದುಕಂದು ಬ್ಯಾರೆ. ಹುಡುಗಿಗಿ ನನ್ನ ಮ್ಯಾಲ ಸಿಟ್ಟದ. ಇರ್ಬೇಕಾದ್ದೇ. ಅಂವ ಹೇಳಿ ಕಳ್ಸಿದ್ದು ನನ್ನ ಹೊಟ್ಟಿಯಾಗೇ ಉಳೀತು ನೋಡು."

ಅವರ ಗಂಡ ಒಳಗಿನಿಂದ ಚಹಾ ತಂದು ಅವರ ಎರಡೂ ಕೈ ಹಿಡಿದು ಕಪ್ಪಿಗೆ ಹಚ್ಚಿದರು. ಯುಗಾದಿಗೆ ಮೊದಲು ಅಕ್ಕೋರು ಹೋದರು.

ಅದೇ ವರ್ಷ ಶಾಲೆ ಶುರುವಾಗುವ ದಿನಗಳಲ್ಲಿ ಒಬ್ಬ ಹೆಣ್ಣುಮಗಳು ಸಣ್ಣ ಹುಡುಗಿಯ ಕೈ ಹಿಡಿದು ನಮ್ಮ ಶಾಲೆಗೆ ಬಂದಳು. ಅಷ್ಟು ಹೊತ್ತಿಗೆ ನಾನೇ ಹೆಡ್‌ಮಾಸ್ತರ. ಮಗಳನ್ನು ಒಂದನೇ ಈಯತ್ತೆಗೆ ಹಾಕಬೇಕು, ಗಂಡ ಈಗ ಇಲ್ಲೇ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟಿದ್ದಾನೆ ಅಂದಳು. ತನ್ನ ಹೆಸರು ಹೇಳಿದಾಗ ನಾನು ತಲೆ ಎತ್ತಿ ನೋಡಿದೆ. ಜಗದೇವಿ.

"ಅಕ್ಕೋರು ಎಲ್ಲಿರ್ತಾರ್ರಿ ಸರ್ ಈಗ?" ಎಂದು ಆಕೆಯೇ ಕೇಳಿದಳು.

"ಹೋದ್ರವ್ವ. ಯುಗಾದಿ ಮುಂದ."

ಆಕೆ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಳು. ಮಗಳನ್ನು ಆಡಲು ಹೊರಗೆ ಕಳಿಸಿದಳು. ನಾನು ಅಕ್ಕೋರ ಹೊಟ್ಟೆಯಲ್ಲಿ ಉಳಿದಿದ್ದ ಮಾತನ್ನು ಆಕೆಗೆ ಹೇಳಿದೆ. ತೋಟಕ್ಕೆ ಹೋದದ್ದು, ಮುತ್ಯಾ ಕೇಳಿದ್ದು, ಸಿಟ್ಟಿಲ್ಲ ಅಂದದ್ದು, ತನ್ನನ್ನು ಎಬ್ಬಿಸಿ ಕೂರಿಸಿದಳು ಅಂದದ್ದು, ಎಲ್ಲ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು. ಬಹಳ ಹೊತ್ತು ಅತ್ತಳು.

"ಮುತ್ಯಾ ಎಲ್ಲಿ ಹಾನ ಅಂತ ಯಾರರ ಕೇಳಿದ್ರ ಹೇಳಬ್ಯಾಡ ಅಂದಿದ್ರು ಮನಿಯಾಗ" ಅಂದಳು. "ಅಕ್ಕೋರು ಮುತ್ಯಾ ಎಲ್ಲಿ ಹಾನ ಅಂತ ಕೇಳಲಿಲ್ಲರಿ. ಏನ್ ಮಾಡ್ದ ಅಂತ ಕೇಳಿದ್ರು. ಅದಕ್ಕ ಹೇಳ್ದೆ. ಆಮ್ಯಾಲ ಎಲ್ಲಾರೂ ನನ್ನಿಂದೇ ಆಯ್ತು ಅಂದ್ರು. ಮುತ್ಯಾನೂ ನನ್ನಿಂದೇ ಸತ್ತ ಅಂತ ತಿಳಕೊಂಡಿದ್ದೆ."

"ಅಕ್ಕೋರು ಇದನ್ನೇ ಹೇಳಾಕ ಬರ್ತಿದ್ರವ್ವ ನಿಮ್ಮ ಮನಿಗಿ."

"ಬರ್ತಿದ್ರು ಸರ್. ಅವ್ವ ಕದಾ ತೆರೀತಿದ್ದಿಲ್ಲ. ನಾನು ಕದದ ಹಿಂದೇ ನಿಂತಿರ್ತಿದ್ದೆ. ಅವರು ಉಸುರು ಬಿಡೂದು ಕೇಳಸ್ತಿತ್ತು. ನನ್ನಿಂದ ಅವರಿಗಿ ತಕ್ಲೀಫ್ ಆಗ್ಯದ, ಬೈಯಾಕ ಬಂದಾರ ಅಂತ ತಿಳಕೊಂಡಿದ್ದೆ." ಆಕೆ ಮೂಗು ಒರೆಸಿಕೊಂಡಳು. ಅಂಗಳದಲ್ಲಿ ಆಡುತ್ತಿದ್ದ ಮಗಳ ಕಡೆ ನೋಡುತ್ತಾ ಹೇಳಿದಳು. "ಬೈದ್ರ ಬೈಲಿ ಅಂತ ಒಂದಿನ ತೆರೀಲಾಕ ಹೋದೆ. ಅವ್ವ ಹಿತ್ತಲದಾಗ ಇದ್ಳು. ಚಿಲಕ ಮ್ಯಾಲಿತ್ರಿ ಸರ್. ನನ್ನ ಕೈ ನಿಲುಕಲಿಲ್ಲ."